ಸವಣೂರಿನಲ್ಲಿ ಕಳುವಾದ ಖಾವ್‌ದೇಂಗ್ ಚರಿತ್ರೆ

ಭಾನುವಾರ ಬೆಳಗಿನ ಏಳಕ್ಕೆ ಲಾಲಬಿ ಚಹಾದ ಥರ್ಮಾಸ್ ಹಿಡಿದು ಸವಣೂರಿನ ಫುಟ್‌ಬಾಲ್ ಮೈದಾನಕ್ಕೆ ಬಂದಾಗ ಸುಣ್ಣದ ಗೆರೆ ಅರ್ಧಕ್ಕೇ ನಿಂತಿತ್ತು. ಅವಳ ಗಂಡ ಗೌಸಸಾಬ ಗೆರೆಯನ್ನು ಅರ್ಧಕ್ಕೆ ಬಿಡುವವರಲ್ಲ. ನಸುಕಿನ ನಮಾಜು ಮುಗಿಸಿ ಬಂದರೆ ನಾಲ್ಕೂ ಮೂಲೆ ಎಳೆದ ಮೇಲೆಯೇ ಅವರಿಗೆ ಚಹಾ.

ಅವಳು ಮೂಲೆಯ ತಗಡಿನ ಕೋಣೆಯತ್ತ ಹೋದಳು. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಸುಣ್ಣದ ಬಕೆಟ್ಟು ಉರುಳಿತ್ತು. ಒಳಗೆ ಗೌಸಸಾಬ ಬೋರಲು ಬಿದ್ದಿದ್ದರು. ಹಿಂದಲೆಯ ರಕ್ತ ಸುಣ್ಣದಲ್ಲಿ ಬೆರೆತು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಲಾಲಬಿ ಕೂಗಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಉಸಿರಿತ್ತು. ಆಮೇಲೆ ಕೂಗಿದಳು.

*

ಪಿಎಸ್‌ಐ ವೃಂದಾ ಬರುವಷ್ಟರಲ್ಲಿ ಅಂಬುಲೆನ್ಸ್ ಹುಬ್ಬಳ್ಳಿಯ ದಾರಿ ಹಿಡಿದಿತ್ತು. ಲಾಲಬಿಯ ತಮ್ಮ ಜೊತೆಗೆ ಹೋಗಿದ್ದ. ಲಾಲಬಿ ಇನ್ನೊಂದು ಗಾಡಿಗಾಗಿ ಕಾಯುತ್ತ ಗೋಲ್ ಕಂಬಕ್ಕೆ ಒರಗಿ ನಿಂತಿದ್ದಳು.

ವೃಂದಾ ಸವಣೂರಿಗೆ ವರ್ಗವಾಗಿ ಬಂದು ಎಂಟು ತಿಂಗಳು. ಫುಟ್‌ಬಾಲ್ ಬಗ್ಗೆ ಅವಳಿಗೆ ಗೊತ್ತಿದ್ದುದು ಚೆಂಡು ದುಂಡಗಿರುತ್ತದೆ ಎಂಬುದಷ್ಟೇ. ಅವಳು ಕೋಣೆಯ ಒಳಗೆ ಕಣ್ಣಾಡಿಸಿದಳು. ಮೈದಾನದ ಮೂಲೆಗೆ ನೆಡುವ ಬಾವುಟದ ಕಬ್ಬಿಣದ ಕೋಲು ಒಂದು ಕಡೆ ಬಿದ್ದಿತ್ತು. ಅದರ ತುದಿಗೆ ರಕ್ತ. ಹಿಡಿಯುವ ಕಡೆ ಯಾರೋ ಚೆನ್ನಾಗಿ ಒರೆಸಿದ್ದರು. ಗೋಡೆಯ ಬದಿಗೆ ಹಸಿರು ಟ್ರಂಕು ಬಾಯಿ ತೆರೆದುಕೊಂಡಿತ್ತು.

ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಒಂದು ಹಳೆಯ ಪತ್ರ. ಅದರ ಕೆಳಗೆ ಮಡಿಸಿಟ್ಟ ನೀಲಿ ಜರ್ಸಿ. ಎದೆಯ ಮೇಲೆ ಬಿಳಿ ದಾರದಲ್ಲಿ ಹೆಣೆದ ಎಮ್ಮೆಯ ಚಿತ್ರ. ಪಕ್ಕದಲ್ಲಿ ಗೋಲ್ ಕೀಪರನ ಕೈಗವಸು.

"ಏನು ಹೋಗಿದೆ ನೋಡಿದಿರೇನು?" ವೃಂದಾ ಕೇಳಿದಳು.

"ನೋಟಬುಕ್ಕರಿ," ಎಂದಳು ಲಾಲಬಿ. "ಏಳು ಇದ್ದು. ಬ್ಯಾರೆ ಏನೂ ಮುಟ್ಟಿಲ್ಲ."

"ಏನಿತ್ತು ಅದರಾಗ?"

"ಅವರ ಕ್ಲಬ್ಬಿಂದು ಎಲ್ಲಾ. ಥೈಲ್ಯಾಂಡಿಂದು."

ಹೆಡ್ ಕಾನ್ಸ್‌ಟೇಬಲ್ ಗುದ್ಲೆಪ್ಪ ಸವಣೂರಿನವನೇ. ಉಳಿದ ಕಥೆ ಅವನು ಹೇಳಿದ. ಗೌಸಸಾಬ ಮೊದಲು ಹುಬ್ಬಳ್ಳಿಯಲ್ಲಿ ಗಿರಣಿ ಫಿಟ್ಟರ್. ತೊಂಬತ್ತನಾಲ್ಕರಲ್ಲಿ ಮುಂಬೈಯ ಒಂದು ಬಟ್ಟೆ ಕಂಪನಿ ಅವರನ್ನು ಥೈಲ್ಯಾಂಡಿನ ಖಾವ್‌ದೇಂಗ್ ಎಂಬ ಊರಿನ ತನ್ನ ಗಿರಣಿಗೆ ಕಳಿಸಿತು. ಅಲ್ಲಿಯ ಗಿರಣಿ ತಂಡಕ್ಕೆ ಗೋಲ್ ಕೀಪರ್ ಆದರು. ಅದೇ ತಂಡ ಮುಂದೆ ಆ ಪ್ರಾಂತದ ವೃತ್ತಿಪರ ಕ್ಲಬ್ ಆಯಿತು. ವಯಸ್ಸಾದ ಮೇಲೆ ಕೀಪರುಗಳಿಗೆ ಕೋಚ್ ಆಗಿ ನಿಂತರು. ಹದಿನೆಂಟು ವರ್ಷ ಕಳೆದು ಊರಿಗೆ ಬಂದು ಇಲ್ಲಿ ಒಂದು ಕ್ಲಬ್ಬು ಕಟ್ಟಿದರು.

"ಪ್ರತಿ ಮ್ಯಾಚ್ ಮುಗಿದ ದಿನ ಬರೀತಿದ್ರಂತ್ರಿ. ಯಾರು ಆಡಿದ್ರು, ಯಾರು ಗೋಲ್ ಹೊಡದ್ರು, ಮಳಿ ಇತ್ತೋ ಬಿಸಲಿತ್ತೋ, ಎಲ್ಲಾ."

"ಇದನ್ನ ಯಾರು ಕದೀತಾರ, ಗುದ್ಲೆಪ್ಪ?"

ಗುದ್ಲೆಪ್ಪ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಸುಣ್ಣದತ್ತ ಬೆರಳು ಮಾಡಿದ. ಅರ್ಧ ಆರಿದ ಸುಣ್ಣದಲ್ಲಿ ಒಂದು ಬೂಟಿನ ಮುಂಭಾಗದ ಗುರುತು. ಗೋವಿನಜೋಳದ ಕಾಳಿನಷ್ಟು ಸಣ್ಣ ಗುಬುಟುಗಳ ಅಚ್ಚು, ಸಾಲು ಸಾಲಾಗಿ. ಗೌಸಸಾಬರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಲಾಲಬಿ ಬರಿಗಾಲಲ್ಲಿ ಒಳಗೆ ಬಂದಿದ್ದಳು.

"ನಮ್ಮ ಹುಡುಗೂರ ಬೂಟಿಗೆ ಇಷ್ಟು ಸಣ್ಣವು ಇರೂದಿಲ್ರಿ. ಇವು ತುಟ್ಟಿ ಬೂಟು. ಟರ್ಫ್ ಮ್ಯಾಲ ಆಡೂವಂಥವು."

ವೃಂದಾ ಫೋಟೋ ತೆಗೆಸಿದಳು.

*

ಊರಿನವರೆಲ್ಲ ಒಂದೇ ಹೆಸರು ಹೇಳಿದರು: ಕುಬೇರಪ್ಪ. ಮೈದಾನದ ಜಾಗ ಅವನದು. ಹಿಂದಿನ ದಿನವೇ ಗೌಸಸಾಬರ ಜೊತೆ ಜಗಳ ತೆಗೆದಿದ್ದ. ಅಲ್ಲಿ ಕಲ್ಯಾಣ ಮಂಟಪ ಕಟ್ಟುವ ಆಸೆ ಅವನಿಗೆ.

ಕುಬೇರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಹೌದ್ರೀ, ಬೈದೇನಿ. ಒದರಾಡೇನಿ. ಸುಳ್ಳ್ಯಾಕ ಹೇಳ್ಲಿ? ನನ್ನ ಜಾಗಾ ನಾ ಕೇಳಿದ್ನಿ."

"ಕಾಗದ ಪತ್ರ ಏನರೆ ಅದ ಏನು, ಆ ಜಾಗಕ್ಕ?"

"ಎಪ್ಪತ್ತೆಂಟರಾಗ ನಮ್ಮಪ್ಪ ಒಂದು ಚೀಟಿ ಬರಕೊಟ್ಟಾನ. ಆಡಾಕ ಕೊಟ್ಟೇನಿ ಅಂತ. ಆ ಚೀಟಿ ಇರೂ ಮಟಾ ನನ್ನ ವಕೀಲ್ರು ಏನೂ ಆಗೂದಿಲ್ಲ ಅಂತಾರ. ಅದನ್ನ ಗೌಸಸಾಬ ಟ್ರಂಕಿನಾಗ ಇಟಗೊಂಡು ಕುಂತಾನ."

ವೃಂದಾ ಎದ್ದಳು. ಹೊರಗೆ ಬಂದ ಮೇಲೆ ಗುದ್ಲೆಪ್ಪ ಕೇಳಿದ, "ಎತ್ತಾಕ್ಕೊಂಡು ಹೋಗೂನೇನ್ರಿ?"

"ಬ್ಯಾಡ. ಪ್ಲಾಸ್ಟಿಕ್ಕಿನೊಳಗಿನ ಪತ್ರ ನೋಡಿದಿ ಅಲ್ಲ? ಅದ ಆ ಚೀಟಿ. ಎಲ್ಲಕ್ಕಿಂತ ಮ್ಯಾಲಿತ್ತು. ಇವನು ಹೊಡೆದಿದ್ರ, ಇಲ್ಲಾ ಹೊಡಿಸಿದ್ರ, ಮೊದಲು ಹೋಗಬೇಕಾದ್ದು ಅದು. ನೋಟಬುಕ್ ತಗೊಂಡು ಇವನೇನು ಮಾಡ್ತಾನ?"

*

ಆ ಕ್ಲಬ್ಬಿನ ಬಗ್ಗೆ ತಿಳಿದವರು ಸುತ್ತಮುತ್ತ ಇನ್ನೊಬ್ಬರೇ ಇದ್ದರು. ಶಿಗ್ಗಾಂವದಲ್ಲಿ ಫುಟ್‌ಬಾಲ್ ಅಕಾಡೆಮಿ ನಡೆಸುವ ಮಾಲತೇಶ. ಜನ ಅವನನ್ನು ಕರೆಯುವುದೇ ಥೈಲ್ಯಾಂಡ್ ಮಾಲತೇಶ ಎಂದು. ವೃಂದಾ ಸಂಜೆ ಐದಕ್ಕೆ ಅಲ್ಲಿಗೆ ಹೋದಳು. ಹೆದ್ದಾರಿಯ ಪಕ್ಕದ ಬಯಲಲ್ಲಿ ಇಪ್ಪತ್ತು ಹುಡುಗಿಯರು ಓಡುತ್ತಿದ್ದರು. ಮಾಲತೇಶ ಸೀಟಿ ಊದಿ ಅವರನ್ನು ನಿಲ್ಲಿಸಿ ಬಂದ. ಮೂವತ್ತೊಂಬತ್ತರ ಗಟ್ಟಿ ಆಳು. ಕಾಲಲ್ಲಿ ಹೊಚ್ಚ ಹೊಸ ಬೂಟು.

"ಸುದ್ದಿ ಕೇಳಿ ಕೈಕಾಲು ಆಡವಲ್ದಾಗ್ಯಾವ್ರಿ," ಎಂದ. "ಕುಂಡ್ರಿ, ಮೇಡಂ. ಹೆಂಗದಾರ ಅವರು?"

"ಇನ್ನೂ ಎಚ್ಚರ ಬಂದಿಲ್ಲ."

ಅವನು ತಲೆ ತಗ್ಗಿಸಿದ. ಆಫೀಸಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಕಿತ್ತಳೆ ಬಣ್ಣದ ಜರ್ಸಿ ಇತ್ತು. ಎದೆಯ ಮೇಲೆ ಬಾಯಿ ತೆರೆದ ಹುಲಿ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ಕೆತ್ತಿದ ಅಕ್ಷರ: ಖಾವ್‌ದೇಂಗ್, 2005.

"ನೀವೂ ಅಲ್ಲೇ ಆಡಿದವ್ರೇನು?"

"ಒಂದ ವರ್ಷ. ಆ ವರ್ಷ ಕ್ಲಬ್ಬು ಮ್ಯಾಲಿನ ಲೀಗಿನಾಗಿತ್ತು. ನನ್ವು ನಾಕು ಗೋಲು. ಇದ ಜರ್ಸಿ ಹಾಕ್ಕೊಂಡ ಹೊಡದದ್ದು." ಅವನು ಜರ್ಸಿಯತ್ತ ನೋಡಲಿಲ್ಲ. "ಗೌಸಸಾಬರು ಕರಸಿಗೊಂಡಿದ್ರು."

"ಯಾರ ಮ್ಯಾಲೆ ಸಂಶಯ?"

"ಹೆಂಗ ಹೇಳೂದ್ರಿ... ಹಾನಗಲ್ಲಿನ ನರಸಿಂಹಾಚಾರ್ಯರು ಅದಾರಲ್ರಿ, ರಿಟೈರ್ಡ್ ಮಾಸ್ತರ್ರು. ಆ ನೋಟಬುಕ್ ನೋಡಿ ಇಂಗ್ಲಿಷಿನಾಗ ಪುಸ್ತಕ ಮಾಡಾಕತ್ತಾರ. ಮೊನ್ನೆ ಶುಕ್ರವಾರ ಇಬ್ಬರಿಗೂ ಜೋರ್ ಮಾತಾತಂತ. ಪುಸ್ತಕದ ಮ್ಯಾಲ ಯಾರ ಹೆಸರು ಅಂತ ಇರಬೇಕು."

"ನೀವು ಬೆಳಿಗ್ಗೆ ಎಲ್ಲಿದ್ರಿ?"

"ಹಿರೇಕೆರೂರಿನಾಗ. ಜಿಲ್ಲಾ ತಂಡದ ಆಯ್ಕೆ ಇತ್ತು. ಏಳೂವರಿಗೆಲ್ಲಾ ಅಲ್ಲಿದ್ನಿ."

ಸವಣೂರಿನಿಂದ ಹಿರೇಕೆರೂರಿಗೆ ಹಾವೇರಿಯ ಮೇಲೆ ಹಾದು ಹೋಗಬೇಕು. ಎಷ್ಟು ಜೋರಾಗಿ ಹೋದರೂ ಎರಡು ತಾಸಿನ ದಾರಿ. ವೃಂದಾ ಅವನ ಹೆಸರನ್ನು ಮನಸ್ಸಿನಲ್ಲೇ ಪಕ್ಕಕ್ಕಿಟ್ಟಳು.

*

ಸೋಮವಾರ ಬೆಳಿಗ್ಗೆ ಹಾನಗಲ್ಲಿನಲ್ಲಿ ನರಸಿಂಹಾಚಾರ್ಯರು ಪೂಜೆ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದರು. ಎಪ್ಪತ್ತೆರಡು ವರ್ಷ. ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಜಗಳದ ಮಾತೆತ್ತಿದ ಕೂಡಲೇ ಅವರ ಕಣ್ಣು ಒದ್ದೆಯಾಯಿತು.

"ಖರೇ ಅದ. ನಾನೂ ಧ್ವನಿ ಏರಿಸಿದೆ. ಎರಡು ಸಾವಿರದ ಒಂದರಾಗ ಒಂದು ಮ್ಯಾಚಿನೊಳಗ ಅವರು ಏಳು ಗೋಲು ಬಿಟ್ಟಾರ. ಎರಡಂತೂ ಕೈಯಾಗ ಬಂದದ್ದು ಜಾರಿದ್ದು. ಅಷ್ಟು ವಿವರ ಬ್ಯಾಡ, ಸೋತರು ಅಂತ ಬರಿಯೋಣು ಅಂದೆ. ಅವರು ಕೇಳಲಿಲ್ಲ. ನನ್ನ ಕೈಯಿಂದ ಜಾರಿದ್ದು ನಾನ ಬರೀಲಿಲ್ಲಂದ್ರ ಯಾರು ಬರೀತಾರ ಅಂದ್ರು."

ಆಚಾರ್ಯರು ಮೇಜಿನ ಮೇಲಿನ ಹಾಳೆಗಳನ್ನು ತೋರಿಸಿದರು. ಮೊದಲಿನ ನಾಲ್ಕು ನೋಟಬುಕ್ ಟೈಪ್ ಆಗಿದ್ದವು. ಆ ನಾಲ್ಕೂ ಅವರ ಮನೆಯಲ್ಲೇ ಐದು ತಿಂಗಳಿದ್ದು, ಶುಕ್ರವಾರವಷ್ಟೇ ಮರಳಿ ಹೋಗಿದ್ದವು. ಐದನೆಯದನ್ನು ತರಲು ಅವರು ಇಂದು ಸವಣೂರಿಗೆ ಹೋಗಬೇಕಿತ್ತು.

ಕದಿಯುವ ಮನಸ್ಸಿದ್ದರೆ ಈ ಮನುಷ್ಯ ಯಾರ ತಲೆಯನ್ನೂ ಒಡೆಯಬೇಕಿರಲಿಲ್ಲ. ಮರಳಿ ಕೊಡದಿದ್ದರೆ ಸಾಕಿತ್ತು.

"ಆ ಕ್ಲಬ್ಬಿನ ಕಥಿ ಮೊದಲಿಂದ ಹೇಳ್ರಿ," ಎಂದಳು ವೃಂದಾ.

ಆಚಾರ್ಯರು ಪಾಠ ಮಾಡುವ ಧ್ವನಿಗೆ ಬಂದರು.

ಖಾವ್‌ದೇಂಗ್ ಎಂದರೆ ಕೆಂಪು ಗುಡ್ಡ. ಗಿರಣಿಯ ಬಣ್ಣದ ಮನೆಯಲ್ಲಿ ದುಡಿಯುವವರು ಸೇರಿ ಕಟ್ಟಿದ ತಂಡ. ಅಲ್ಲಿ ಮಿಕ್ಕ ನೀಲಿ ಬಣ್ಣದಲ್ಲೇ ಅಂಗಿ ಅದ್ದಿಕೊಂಡರು. ಎಮ್ಮೆ ಹೊರಳಾಡುತ್ತಿದ್ದ ಕೆಸರು ಬಯಲನ್ನೇ ಮೈದಾನ ಮಾಡಿಕೊಂಡರು. ಹಾಗಾಗಿ ಎದೆಯ ಮೇಲೆ ಎಮ್ಮೆ ಬಂತು. ತೊಂಬತ್ತೊಂಬತ್ತರಲ್ಲಿ ಪ್ರಾಂತೀಯ ಲೀಗ್ ಶುರುವಾದಾಗ ಪ್ರಾಂತದವರು ಆ ತಂಡವನ್ನೇ ತಮ್ಮ ಕ್ಲಬ್ ಎಂದು ಎತ್ತಿಕೊಂಡರು. ಐದು ವರ್ಷ ಸೋತರು, ಕಲಿತರು. 2005ರಲ್ಲಿ ಒಂದೇ ಒಂದು ವರ್ಷ ದೇಶದ ಮೇಲಿನ ಲೀಗಿನಲ್ಲಿ ಆಡಿದರು. ಮರುವರ್ಷ ಕೆಳಗೆ ಬಿದ್ದರು.

"ಎರಡು ಸಾವಿರದ ಒಂಬತ್ತರಾಗ ಹೊಸ ಕಾನೂನು ಬಂತು. ಪ್ರತಿ ಕ್ಲಬ್ಬೂ ಕಂಪನಿ ಆಗಬೇಕು. ಒಬ್ಬ ರಾಜಕಾರಣಿ ಕೊಂಡ. ಎಮ್ಮಿ ಅಂದ್ರ ಅವನಿಗೆ ಮರ್ಯಾದಿ ಕಡಿಮಿ ಅನಿಸಿತು. ಹುಲಿ ಮಾಡಿದ. ನೀಲಿ ತಗದು ಕಿತ್ತಳೆ ಮಾಡಿದ. ಹನ್ನೊಂದರ ಮಹಾಪೂರಿನಾಗ ಕ್ಲಬ್ಬಿನ ಆಫೀಸು ಮುಳುಗಿ ಹಳೆ ಕಾಗದ ಎಲ್ಲ ಹೋದವು. ಹದಿನೈದರಾಗ ಅವನು ಕ್ಲಬ್ಬನ್ನ ಬ್ಯಾರೆ ಊರಿಗೆ ಮಾರಿದ. ಖಾವ್‌ದೇಂಗಿನ ಜನ ಒಂದಿನ ಎದ್ದು ನೋಡಿದ್ರ ಊರಿಗೆ ಕ್ಲಬ್ಬೇ ಇಲ್ಲ. ಮೂರು ವರ್ಷದ ಮ್ಯಾಲೆ ಅರವತ್ತು ಮಂದಿ ಅಭಿಮಾನಿಗಳು ಸೇರಿ ತಳದಿಂದ ಮತ್ತ ಶುರು ಮಾಡ್ಯಾರ. ಅದ ನೀಲಿ, ಅದ ಎಮ್ಮಿ. ಆದರ ಅವರ ಹತ್ರ ಹಿಂದಿನ ಒಂದು ಹಾಳಿನೂ ಇಲ್ಲ. ಮೊದಲಿನ ಹತ್ತು ವರ್ಷದ ಚರಿತ್ರೆ ಅಂತ ಇದ್ರ ಅದು ಗೌಸಸಾಬರ ಟ್ರಂಕಿನಾಗ ಮಾತ್ರ."

ವೃಂದಾ ಬರೆಯುವುದನ್ನು ನಿಲ್ಲಿಸಿದ್ದಳು.

"ಹುಲಿ ಬಂದದ್ದು ಯಾವ ವರ್ಷ ಅಂದ್ರಿ?"

"ಒಂಬತ್ತು."

"ಅದಕ್ಕಿಂತ ಮೊದಲು ಕಿತ್ತಳೆ ಜರ್ಸಿ ಇದ್ದಿದ್ದಿಲ್ಲ? ಬ್ಯಾರೆ ಊರಿಗೆ ಆಡಲಿಕ್ಕೆ ಹೋದಾಗ ಹಾಕಿಕೊಳ್ಳಲಿಕ್ಕೆ?"

"ಆಗ ಬಿಳಿ. ಕಿತ್ತಳೆ ಬಣ್ಣ ಆ ರಾಜಕಾರಣಿ ಪಕ್ಷದ್ದು."

"ಈ ಕೆಲಸ ನಡದದ್ದು ಯಾರಿಗೆಲ್ಲ ಗೊತ್ತಿತ್ತು?"

ಆಚಾರ್ಯರು ಮೂರು ದಿನ ಹಿಂದಿನ ಪತ್ರಿಕೆ ತೆಗೆದರು. ಒಳಪುಟದಲ್ಲಿ ಗೌಸಸಾಬರ ಚಿತ್ರ. ಕೆಳಗೆ ಎರಡು ಸಾಲು: 'ಮುಂದಿನ ವಾರ 2005ರ ನೋಟಬುಕ್ ಕೆಲಸ ಆರಂಭ. ಅಂದು ಜರ್ಸಿ ತೊಟ್ಟ ಪ್ರತಿಯೊಬ್ಬರ ಹೆಸರೂ ಇದರಲ್ಲಿದೆ.'

*

ಹಿರೇಕೆರೂರಿನ ದೈಹಿಕ ಶಿಕ್ಷಕಿ ರಂಜನಾ ಸಿಟ್ಟಿನಲ್ಲಿದ್ದಳು.

"ಏಳೂವರಿ? ಯಾರು ಹೇಳಿದ್ರು? ಎಂಟಕ್ಕ ಶುರುವಾಗಬೇಕಿತ್ತು. ಹುಡುಗೂರು ಬಿಸಲಾಗ ನಿಂತಿದ್ರು. ಮಾಲತೇಶ ಸರ್ ಬಂದದ್ದು ಒಂಬತ್ತೂ ಹತ್ತಕ್ಕ."

"ಏನು ಕಾರಣ ಹೇಳಿದ್ರು?"

"ಗಾಡಿ ಕೆಟ್ಟಿತ್ತು ಅಂದ್ರು. ಮತ್ತೊಂದು ನೋಡ್ರಿ, ಕೋಚ್ ಆದವ್ರು ಆಯ್ಕೆಗೆ ಚಪ್ಪಲಿ ಮ್ಯಾಲ ಬಂದಾರ! ನಮ್ಮ ಸಾಲಿ ಬೂಟು ಕೊಟ್ಟು ಮೈದಾನಕ್ಕ ಇಳಿಸಿದ್ನಿ."

ವೃಂದಾ ಅದನ್ನು ಬರೆಸಿಕೊಂಡು ಸಹಿ ಹಾಕಿಸಿದಳು. ಮರಳುವಾಗ ಶಿಗ್ಗಾಂವ ಠಾಣೆಯಲ್ಲಿ ಜೀಪು ನಿಲ್ಲಿಸಿ ಪಾಸ್‌ಪೋರ್ಟ್ ವಿಚಾರಣೆಯ ಹಳೆಯ ವಹಿಗಳನ್ನು ಕೇಳಿದಳು. ಒಂದು ತಾಸು ಧೂಳು ಕುಡಿದ ಮೇಲೆ ಗುದ್ಲೆಪ್ಪನಿಗೆ ಸಿಕ್ಕಿತು. ಮಾಲತೇಶನ ಅರ್ಜಿ. ನವೆಂಬರ್ 2009. 'ಈ ಮೊದಲು ಪಾಸ್‌ಪೋರ್ಟ್ ಪಡೆದಿದ್ದೀರಾ?' ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದಿತ್ತು. ಕೆಳಗೆ ಅವನದೇ ಸಹಿ.

*

ಅಕಾಡೆಮಿಯಲ್ಲಿ ಮಾಲತೇಶ ಹುಡುಗಿಯರ ಹಾಜರಿ ತೆಗೆದುಕೊಳ್ಳುತ್ತಿದ್ದ. ಜೀಪಿನಿಂದ ನಾಲ್ವರು ಇಳಿದುದನ್ನು ನೋಡಿ ಪುಸ್ತಕ ಮುಚ್ಚಿದ. ವೃಂದಾ ಹುಡುಗಿಯರನ್ನು ಮನೆಗೆ ಕಳಿಸಿ ಅವನನ್ನು ಆಫೀಸಿಗೆ ಕರೆದಳು. ಅವನನ್ನು ಅದೇ ಜರ್ಸಿಯ ಕೆಳಗೆ ಕೂರಿಸಿದಳು.

"ಈ ಜರ್ಸಿ ನಕಲಿ ಅಲ್ಲ," ಎಂದಳು. "ಅಸಲೀನ ಅದ. ಆದರ 2005ರಾಗ ಖಾವ್‌ದೇಂಗಿನ ಎದಿ ಮ್ಯಾಲೆ ಎಮ್ಮಿ ಇತ್ತು. ಹುಲಿ ಬಂದದ್ದು ಒಂಬತ್ತರಾಗ. ನಿಮಗ ಪಾಸ್‌ಪೋರ್ಟ್ ಸಿಕ್ಕದ್ದೂ ಅದರ ಮ್ಯಾಲೆನ. 2005ರಾಗ ನೀವು ಈ ದೇಶಾನ ಬಿಟ್ಟಿಲ್ಲ."

ಮಾಲತೇಶ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟ.

"2005 ಯಾಕ ಆರಿಸಿಕೊಂಡ್ರಿ ಅಂತ ವಿಚಾರ ಮಾಡಿದೆ. ಒಂಬತ್ತರ ನಂತರದ್ದು ಇಂಟರ್ನೆಟ್ಟಿನಾಗ ಸಿಗ್ತದ. ಯಾರರೆ ನೋಡಿದ್ರ ನಿಮ್ಮ ಹೆಸರಿಲ್ಲ. ಮೊದಲಿನದು ಪೂರಿನಾಗ ಹೋಗ್ಯದ. ಅಲ್ಲಿ ಏನು ಹೇಳಿದರೂ ನಡೀತಿತ್ತು. ನಡೀಲಿಕ್ಕೆ ಬಿಡದಿದ್ದದ್ದು ಒಂದ ನೋಟಬುಕ್ಕು. ಏಳೂವರಿಗೆ ಹಿರೇಕೆರೂರಿನಾಗಿದ್ದೆ ಅಂದ್ರಿ. ಒಂಬತ್ತೂ ಹತ್ತಕ್ಕ ಹೋಗೀರಿ, ಅದೂ ಚಪ್ಪಲಿ ಮ್ಯಾಲೆ. ಸಂಜಿಗೆ ಹೊಸ ಬೂಟು. ಹಳೇವು ಎಲ್ಲಿ?"

ಗುದ್ಲೆಪ್ಪ ಒಳಕೋಣೆಯಿಂದ ಹೊಸ ಬೂಟಿನ ಡಬ್ಬಿ ತಂದ. ಅದರೊಳಗೆ ಹಳೆಯ ಜೋಡಿ ಇತ್ತು. ತೊಳೆದಿದ್ದರು. ಆದರೂ ಗೋವಿನಜೋಳದಂಥ ಗುಬುಟುಗಳ ನಡುವೆ ಸುಣ್ಣ ಬೆಳ್ಳಗೆ ಕಚ್ಚಿಕೊಂಡಿತ್ತು. ಚೆಂಡು ತುಂಬುವ ಚೀಲದ ತಳದಲ್ಲಿ ಆರು ನೋಟಬುಕ್ ಸಿಕ್ಕವು.

"ಇನ್ನೊಂದು?"

"ಸುಟ್ಟೇನಿ," ಎಂದ ಮಾಲತೇಶ. ಅವನ ಧ್ವನಿ ಬಹಳ ಸಣ್ಣದಾಗಿತ್ತು. "2005ರದು."

ಆಮೇಲೆ ಅವನೇ ಹೇಳಿದ. ರಾಜ್ಯದ ಕಿರಿಯರ ತಂಡಕ್ಕೆ ಕೋಚ್ ಎಂದು ಅವನ ಹೆಸರು ಹೋಗಿತ್ತು. ಆಡಿದ ದಾಖಲೆ ಕೇಳಿದ್ದರು. ಪತ್ರಿಕೆ ನೋಡಿ ನಿದ್ದೆ ಹೋಯಿತು. ಭಾನುವಾರ ಆರಕ್ಕೆ ಸವಣೂರು ತಲುಪಿದ. ಗೌಸಸಾಬ ಮೈದಾನದ ಆ ತುದಿಯಲ್ಲಿ ಬಗ್ಗಿ ಗೆರೆ ಎಳೆಯುತ್ತಿದ್ದರು. ಅವನು ಕೋಣೆ ಹೊಕ್ಕು ಟ್ರಂಕು ತೆರೆದ. ಅಷ್ಟರಲ್ಲಿ ಅವರು ಬಕೆಟ್ಟು ಹಿಡಿದು ಬಂದರು.

"ಬೈಲಿಲ್ರಿ. ನಕ್ಕರು. 'ಲಾಲಬಿ ಚಹಾ ತರ್ತಾಳ, ಕುಂದ್ರು' ಅಂದು ಕುರ್ಚಿ ತರಾಕ ತಿರುಗಿದ್ರು. ಕೋಲು ಅಲ್ಲೇ ಇತ್ತು."

ವೃಂದಾ ಏಳನೆಯ ಸಂಖ್ಯೆಯ ನೋಟಬುಕ್ ತೆರೆದು ಪುಟ ತಿರುವಿದಳು. ಒಂದು ಪುಟಕ್ಕೆ ಚೀಟಿ ಪಿನ್ನು ಮಾಡಿತ್ತು. ಅದನ್ನು ಓದಿ ಅವನ ಮುಂದೆ ಇಟ್ಟಳು.

ಫೆಬ್ರುವರಿ 2010ರ ಪುಟ. 'ನಮ್ಮ ಶಿಗ್ಗಾಂವದ ಹುಡುಗ ಮಾಲತೇಶ ಟ್ರಯಲ್ಸಿಗೆ ಬಂದಾನ. ಓಟ ಚಲೋ ಐತಿ. ಮೂರನೇ ವಾರ ಮೊಣಕಾಲು ತಿರುಗಿತು. ವಾಪಸ್ ಕಳಿಸಿದ್ರು. ಬಸ್ಸಿನಾಗ ಕೂತು ಅತ್ತ. ಒಂದು ಜರ್ಸಿ ಕೊಟ್ಟು ಕಳಿಸಿದ್ನಿ.'

ಚೀಟಿ ಹೊಸದು. 'ಆಚಾರ್ಯರ, ಈ ಪುಟ ಟೈಪ್ ಮಾಡಬ್ಯಾಡ್ರಿ. ಆಡಿದವರ ಪಟ್ಟಿಯೊಳಗ ಇಲ್ಲದ ಹೆಸರು ಸೇರಿಸಾಕ ಬರೂದಿಲ್ಲ. ಆದ್ರ ಇದನ್ನ ಬಿಡಾಕ ಬರತೈತಿ. ಹುಡುಗ್ಯಾರಿಗೆ ಚಲೋ ಕಲಸಾಕತ್ತಾನ. ಅವನ ಪಾಡಿಗೆ ಅವನು ಇರಲಿ.'

ಮಾಲತೇಶ ಎರಡು ಸಲ ಓದಿದ. ಮೂರನೆಯ ಸಲ ಓದಲು ಗುದ್ಲೆಪ್ಪ ಬಿಡಲಿಲ್ಲ. ಬೇಡಿ ಹಾಕಿದ.

*

ಗೌಸಸಾಬ ಐದನೆಯ ದಿನ ಕಣ್ಣು ಬಿಟ್ಟರು. ಮೂರು ವಾರದ ಮೇಲೆ ಹೇಳಿಕೆ ಪಡೆಯಲು ವೃಂದಾ ಆಸ್ಪತ್ರೆಗೆ ಹೋದಾಗ ಆಚಾರ್ಯರು ಮಂಚದ ಪಕ್ಕ ಕಾಗದ ಹಿಡಿದು ಕೂತಿದ್ದರು. ಲಾಲಬಿ ಕಿಟಕಿಯ ಹತ್ತಿರ ಮೋಸಂಬಿ ಸುಲಿಯುತ್ತಿದ್ದಳು.

ಹೇಳಿಕೆ ಹತ್ತು ನಿಮಿಷದಲ್ಲಿ ಮುಗಿಯಿತು. ಗೌಸಸಾಬ ಮಾಲತೇಶನ ಬಗ್ಗೆ ಕಂಡದ್ದನ್ನಷ್ಟೇ ಹೇಳಿದರು.

"ಕ್ಷಮಿಸ್ತೀರೇನು ಅವನ್ನ?" ವೃಂದಾ ಕೇಳಿದಳು. ಹೇಳಿಕೆಗೆ ಅದು ಬೇಕಿರಲಿಲ್ಲ.

"ತಲಿ ಹೊಡದದ್ದಕ್ಕ ಆಗಬಹುದ್ರಿ," ಎಂದರು ಗೌಸಸಾಬ. "ಪುಸ್ತಕ ಸುಟ್ಟದ್ದಕ್ಕ ಇನ್ನೂ ಆಗವಲ್ದು."

ಅವರು ಆಚಾರ್ಯರತ್ತ ಹೊರಳಿದರು. 2005ರ ಮೊದಲ ಪಂದ್ಯದ ಹನ್ನೊಂದು ಮಂದಿಯನ್ನು ನೆನಪಿನಿಂದಲೇ ಬರೆಸುತ್ತಿದ್ದರು. ಕೀಪರ್ ವಿಚಿತ್. ಬಲಗಡೆ ತಾವೀ. ನಡುವೆ ಪ್ರಸೋಂಗ್, ಅನುಚಾ. ಹೆಸರು ಒಂದೊಂದಾಗಿ ಬಂದವು. ಹತ್ತಾದವು.

"ಎಡಗಡೆ ಆಡಾಂವ..." ಎಂದು ನಿಂತರು. ಕಣ್ಣು ಮುಚ್ಚಿದರು. ಹಣೆಯ ಪಟ್ಟಿಯ ಕೆಳಗೆ ನರ ಉಬ್ಬಿತು. "ಮಾರಿ ಕಾಣತೈತಿ. ಹೆಸರು ಬರವಲ್ದು."

"ಇರಲಿ ಬಿಡ್ರಿ, ನಾಳೆ ಬರ್ತದ," ಎಂದರು ಆಚಾರ್ಯರು.

"ಬುನ್‌ಲೆರ್ತ್," ಎಂದಳು ಲಾಲಬಿ.

ಮೂವರೂ ತಿರುಗಿ ನೋಡಿದರು. ಅವಳು ಥೈಲ್ಯಾಂಡ್ ನೋಡಿದವಳಲ್ಲ. ಒಂದು ಪಂದ್ಯವನ್ನೂ ಕಂಡವಳಲ್ಲ.

"ಅವನ ಅವ್ವ ಮೀನು ಮಾರ್ತಿದ್ದಳಲ್ಲ, ಅವನ. ಎರಡನೇ ಮ್ಯಾಚಿನಾಗ ಕಾಲು ಮುರಕೊಂಡ. ಅವನ ಜಾಗಾಕ್ಕ ನೋಯ್ ಅನ್ನಾಂವ ಬಂದ." ಮೋಸಂಬಿಯ ತೊಳೆಯೊಂದನ್ನು ಗಂಡನ ಕೈಗಿಟ್ಟಳು. "ಹದಿನೆಂಟು ವರ್ಷ ವಾರಾ ವಾರಾ ಫೋನಿನಾಗ ನನಗ ಹೇಳಿದ್ದು ಮತ್ತೇನ? ಬರಕೋರಿ ಆಚಾರ್ಯರ, ಹೇಳ್ತೇನಿ."

ಆಚಾರ್ಯರು ಹೊಸ ಹಾಳೆ ತೆಗೆದುಕೊಂಡರು.